ಓಟ ನಿಂತ ಮೇಲೆ

(ವಿಜಯಪುರದಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಾಲಾ ಕ್ರೀಡಾಕೂಟದಲ್ಲಿ 3000 ಮೀಟರ್ ಓಟವನ್ನು ಗೆದ್ದ ಹುಡುಗನ ಹೆಸರು ಊರವರ ಬಾಯಲ್ಲಿ ಎಷ್ಟು ದಿನ ಉಳಿಯುತ್ತದೆ? ಹೆಚ್ಚೆಂದರೆ ಒಂದು ವಾರ. ಅವನ ಭಾವಚಿತ್ರ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂದಿದ್ದರೆ ಇನ್ನೊಂದು ವಾರ. ಎರಡು ವರ್ಷ ಕಳೆದು ನೋಡಿದರೆ ಅದೇ ಹುಡುಗ ಗ್ಯಾರೇಜಿನಲ್ಲೋ ಹಣ್ಣಿನ ತಳ್ಳುಗಾಡಿಯ ಬಳಿಯಲ್ಲೋ ಕಾಣಸಿಗುತ್ತಾನೆ. ಆ ದುಡಿಮೆಯ ಬಗ್ಗೆ ನಮಗೆ ಕಿಂಚಿತ್ತೂ ಅಗೌರವವಿಲ್ಲ. ಆದರೆ ಅವನ ಕಾಲಿನಲ್ಲಿದ್ದ ವಿದ್ಯೆ ಎಲ್ಲಿಗೆ ಹೋಯಿತು, ಅದು ಯಾರಿಗೆ ದಾಟಿತು ಎಂಬ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ಇಂದು ನಾವು ನಿಮ್ಮ ಮುಂದೆ ನಿಂತಿರುವುದು ಆ ಪ್ರಶ್ನೆಯನ್ನು ಕೇಳುವುದಕ್ಕಾಗಿ.

ಮೊದಲೇ ಹೇಳಿಬಿಡುತ್ತೇವೆ, ನಾವು ದೊಡ್ಡ ಓಟಗಾರರಲ್ಲ. ಹರೆಯದಲ್ಲಿ 1500, 5000 ಮೀಟರ್ ಓಡಿದವರು, ಕೆಲವು ಪದಕ ಗಳಿಸಿದವರು, ಬಳಿಕ ಬದುಕಿನ ಬೇರೆ ಬೇರೆ ದಾರಿ ಹಿಡಿದವರು. ಈಗ ನಮ್ಮ ಬೆಳಗಿನ ಹೊತ್ತನ್ನು ವಿಜಯಪುರದ ಮಕ್ಕಳಿಗೂ, 20-25 ಕಿಲೋಮೀಟರ್ ದೂರದ ತಿಕೋಟಾ ಮತ್ತು ಬಬಲೇಶ್ವರದ ಕಡೆಯಿಂದ ಬರುವ ಮಕ್ಕಳಿಗೂ ಕೊಡುತ್ತಿದ್ದೇವೆ. ಅವರಲ್ಲೊಬ್ಬನ ತಂದೆ ಒಮ್ಮೆ ನಮ್ಮನ್ನು ತಡೆದು ಕೇಳಿದರು: "ಸರ್, ಓಡಿ ಓಡಿ ಹೊಟ್ಟಿ ತುಂಬತೈತೇನ್ರಿ?"

ಇದು ಹಾಸ್ಯದ ಮಾತಾಗಿರಲಿಲ್ಲ. ನಾವು ಸುಳ್ಳು ಹೇಳಲಿಲ್ಲ. ಬಹುಪಾಲು ಮಕ್ಕಳಿಗೆ ತುಂಬುವುದಿಲ್ಲ ಎಂದೆವು. ಪದಕದ ಆಧಾರದಲ್ಲಿ ನೌಕರಿ ಪಡೆಯುವವರು ಬೆರಳೆಣಿಕೆಯವರು. ನಮ್ಮ ಸಮುದಾಯದಲ್ಲಿ ಕ್ರೀಡೆಯ ಕುರಿತು ಎರಡೇ ಅಭಿಪ್ರಾಯಗಳಿವೆ. ಒಂದೋ ಮಗ ಒಲಿಂಪಿಕ್ಸ್‌ಗೆ ಹೋಗಬೇಕು, ಇಲ್ಲವೇ ಅದು ಸಮಯದ ದುಂದು. ಇವೆರಡರ ನಡುವೆ ಒಂದು ಗೌರವದ ಉದ್ಯೋಗವಿದೆ, ಒಂದು ವಿದ್ಯೆಯಿದೆ, ಅದನ್ನು ತರಬೇತಿ ಎನ್ನುತ್ತಾರೆ ಎಂಬುದು ನಮ್ಮ ಗಮನಕ್ಕೇ ಬಂದಿಲ್ಲ.

ತರಬೇತುದಾರನಿಲ್ಲದ ಕಾಲದ ಒಂದು ಸಂಗತಿಯನ್ನು ಮೊದಲು ನೆನಪಿಸಿಕೊಳ್ಳೋಣ. ನಮ್ಮ ನೆರೆಯ ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿದರು. ಆ ವರ್ಷದ ಓಟದ ದೂರ ಇಂದಿನ ಮ್ಯಾರಥಾನ್‌ಗಿಂತಲೂ ಹೆಚ್ಚು, 42.75 ಕಿಲೋಮೀಟರ್. ಅವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 19ನೆಯವರಾದರು. ನಾಲ್ವರು ಓಟಗಾರರು ಮತ್ತು ಇಬ್ಬರು ಕುಸ್ತಿಪಟುಗಳಿದ್ದ ಆ ಪುಟ್ಟ ತಂಡದಲ್ಲಿ ಕನ್ನಡ ನೆಲದ ಒಬ್ಬ ಯುವಕ ಜಗತ್ತಿನ ಅತಿ ಕಠಿಣ ಓಟವನ್ನು ಪೂರೈಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಅನುಭವವನ್ನು ಮುಂದಿನವರಿಗೆ ದಾಟಿಸುವ ವ್ಯವಸ್ಥೆ ಆಗ ಎಲ್ಲಿತ್ತು? ತರಬೇತುದಾರರನ್ನು ತಯಾರಿಸುವ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಪಟಿಯಾಲದಲ್ಲಿ ಆರಂಭವಾದದ್ದು 1961ರಲ್ಲಿ. ಚೌಗುಲೆಯವರ ಓಟಕ್ಕೂ ಅದಕ್ಕೂ ನಡುವೆ 41 ವರ್ಷ.

ಇನ್ನೊಂದು ಹೆಸರನ್ನು ಹೇಳುತ್ತೇವೆ. ಇಲ್ಲಿರುವ ಎಷ್ಟು ಮಂದಿ ಮೊಹಮ್ಮದ್ ಇಲ್ಯಾಸ್ ಬಾಬರ್ ಎಂಬ ಹೆಸರನ್ನು ಕೇಳಿದ್ದೀರಿ? ಕೈಗಳು ಏಳುತ್ತಿಲ್ಲ. ನಮ್ಮ ಮಕ್ಕಳಿಗೆ ಕ್ರಿಕೆಟಿಗರ ಹೆಸರುಗಳು ಬಾಯಿಪಾಠವಿವೆ. ಭಾರತದ ಅಥ್ಲೆಟಿಕ್ಸ್‌ಗೆ ಅತ್ಯುತ್ತಮ ಮಧ್ಯಮ ದೂರದ ಓಟಗಾರರನ್ನು ಕೊಟ್ಟ ಈ ಗುರುವಿನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. 1968ರಲ್ಲಿ ರಾಜಪೂತಾನಾ ರೈಫಲ್ಸ್‌ಗೆ ಸೇರಿದ ಶ್ರೀರಾಮ್ ಸಿಂಗ್ ದೂರದ ಓಟಗಾರನಾಗಬೇಕೆಂದಿದ್ದ ಯುವಕ. ಅವನ ಓಟವನ್ನು ಗಮನಿಸಿದ ಬಾಬರ್, ನಿನ್ನ ಜಾಗ 5000 ಮೀಟರ್ ಅಲ್ಲ, 400 ಮತ್ತು 800 ಮೀಟರ್ ಎಂದು ನಿರ್ಧರಿಸಿದರು. ಯುವಕನೊಬ್ಬನ ಕನಸನ್ನು ಬದಲಿಸುವುದು ಸುಲಭವಲ್ಲ. ಅದಕ್ಕೆ ನೋಡುವ ಕಣ್ಣು ಬೇಕು, ಹೇಳುವ ಧೈರ್ಯವೂ ಬೇಕು.

ಫಲಿತಾಂಶ ಎಲ್ಲರ ಮುಂದಿದೆ. 1970ರ ಏಷ್ಯನ್ ಕ್ರೀಡಾಕೂಟದ 800 ಮೀಟರ್‌ನಲ್ಲಿ ಬೆಳ್ಳಿ, 1974 ಮತ್ತು 1978ರಲ್ಲಿ ಚಿನ್ನ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಅಂತಿಮ ಓಟದಲ್ಲಿ ಮೊದಲ ಸುತ್ತನ್ನು 50.85 ಸೆಕೆಂಡುಗಳಲ್ಲಿ ಮುಗಿಸಿ ಮುಂದಿದ್ದವನು ಶ್ರೀರಾಮ್ ಸಿಂಗ್. ಕ್ಯೂಬಾದ ಆಲ್ಬರ್ಟೊ ಹ್ವಾಂಟೊರೆನಾ ಅವನನ್ನು ದಾಟಿ ವಿಶ್ವದಾಖಲೆಯೊಂದಿಗೆ ಗೆದ್ದರು, ಆ ದಾಖಲೆಯ ಹಿಂದೆ ಶ್ರೀರಾಮ್ ಹಾಕಿಕೊಟ್ಟ ವೇಗವಿತ್ತೆಂದು ಒಪ್ಪಿಕೊಂಡರು. ಏಳನೆಯವನಾದ ಶ್ರೀರಾಮ್‌ನ 1 ನಿಮಿಷ 45.77 ಸೆಕೆಂಡುಗಳ ದಾಖಲೆಯನ್ನು ಭಾರತದಲ್ಲಿ ಮುರಿಯಲು 2018ರವರೆಗೆ ಕಾಯಬೇಕಾಯಿತು. ಕೇರಳದ ಜಿನ್ಸನ್ ಜಾನ್ಸನ್ ಅದನ್ನು ಮುರಿದರು. 2025ರಲ್ಲಿ ಕೇರಳದವರೇ ಆದ ಮೊಹಮ್ಮದ್ ಅಫ್ಸಲ್ 1 ನಿಮಿಷ 45 ಸೆಕೆಂಡುಗಳ ಗಡಿಯೊಳಗೆ ಓಡಿದ ಮೊದಲ ಭಾರತೀಯರಾದರು. ಬಾಬರ್ ಅವರ ಕೈಕೆಳಗೆ ಗೀತಾ ಜುತ್ಶಿ ಬೆಳೆದರು, 1982ರ ದೆಹಲಿ ಏಷ್ಯಾಡ್‌ನಲ್ಲಿ 800 ಮೀಟರ್ ಚಿನ್ನ ಗೆದ್ದ ಚಾರ್ಲ್ಸ್ ಬೊರೋಮಿಯೋ ಬೆಳೆದರು. 1994ರ ದ್ರೋಣಾಚಾರ್ಯ ಪ್ರಶಸ್ತಿ ಬಾಬರ್ ಅವರಿಗೆ ಸಂದಿತು. ಶಿಷ್ಯರು ಹಿಂದೂ, ಕ್ರೈಸ್ತ; ಗುರು ಮುಸ್ಲಿಮ್. ಕ್ರೀಡಾಂಗಣದಲ್ಲಿ ಇದು ಯಾರಿಗೂ ವಿಶೇಷವೆನಿಸಲಿಲ್ಲ. ಇಂದು ಅದನ್ನು ಎತ್ತಿ ಹೇಳಬೇಕಾಗಿ ಬಂದಿರುವುದೇ ನಮ್ಮ ಕಾಲದ ದುರವಸ್ಥೆ.

ಕೇರಳದ ಮಾತು ಬಂದದ್ದರಿಂದ ಇನ್ನೊಂದು ಉದಾಹರಣೆ. ಓ.ಎಂ. ನಂಬಿಯಾರ್ ವಾಯುಪಡೆಯಲ್ಲಿದ್ದ ಕ್ರೀಡಾಪಟು. ಒಲಿಂಪಿಕ್ಸ್‌ಗೆ ಹೋಗಲಾಗಲಿಲ್ಲ. ಪಟಿಯಾಲದಲ್ಲಿ ತರಬೇತಿಯ ಶಿಕ್ಷಣ ಪಡೆದು ಕಣ್ಣೂರಿನ ಕ್ರೀಡಾ ಶಾಲೆಗೆ ಬಂದರು. ಅಲ್ಲಿ ಅವರ ಕಣ್ಣಿಗೆ ಬಿದ್ದ ಸಣಕಲು ಬಾಲಕಿಯೇ ಪಿ.ಟಿ. ಉಷಾ. ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದ 1985ರಲ್ಲೇ ನಂಬಿಯಾರ್ ಅದನ್ನು ಪಡೆದರು. ಉಷಾ ಓಟ ನಿಲ್ಲಿಸಿದ ಮೇಲೆ 2002ರಲ್ಲಿ ತಾವೇ ಒಂದು ಅಥ್ಲೆಟಿಕ್ಸ್ ಶಾಲೆ ತೆರೆದರು. ಅಲ್ಲಿಂದ ಬಂದ ಟಿಂಟು ಲೂಕಾ 2010ರಲ್ಲಿ 800 ಮೀಟರ್‌ನ ರಾಷ್ಟ್ರೀಯ ದಾಖಲೆ ಬರೆದರು. ಮೂರು ತಲೆಮಾರು! ಒಬ್ಬ ಓಟಗಾರ ತಾನು ಮುಟ್ಟಲಾಗದ ಗೆರೆಯನ್ನು ಶಿಷ್ಯೆಯ ಮೂಲಕ ಮುಟ್ಟಿದ, ಆ ಶಿಷ್ಯೆ ತನ್ನ ಶಿಷ್ಯೆಯನ್ನು ಮುಂದೆ ಕಳುಹಿಸಿದಳು. ನಮ್ಮ ಜಿಲ್ಲೆಯಲ್ಲಿ ಸೈಕಲ್ ಕ್ರೀಡೆಗೆ ಹೆಸರಿದೆ, ಹಳಬರು ಹೊಸಬರಿಗೆ ಕಲಿಸಿಕೊಟ್ಟಿದ್ದರಿಂದಲೇ ಆ ಹೆಸರು ಉಳಿದಿದೆ. ಓಟದಲ್ಲಿ ಆ ಸರಪಣಿ ಏಕೆ ಕೂಡಿಕೊಳ್ಳಲಿಲ್ಲ?

ಇದಕ್ಕೆ ಉತ್ತರವಾಗಿ ನಮ್ಮದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ತಿಕೋಟಾ ಕಡೆಯಿಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ನಮ್ಮಲ್ಲಿಗೆ ಬಂದ. ತಂದೆ ದ್ರಾಕ್ಷಿ ತೋಟಗಳಲ್ಲಿ ಕೂಲಿ, ಸುಗ್ಗಿಯಲ್ಲಿ ಒಣದ್ರಾಕ್ಷಿ ಶೆಡ್ಡಿನ ಕೆಲಸ. ತೋಟಗಳ ನಡುವಿನ ಮಣ್ಣು ದಾರಿಯಲ್ಲಿ ಓಡಿ ಬೆಳೆದ ಹುಡುಗ ತಾಲೂಕು ಕೂಟದಲ್ಲಿ ಬರಿಗಾಲಲ್ಲಿ 3000 ಮೀಟರ್ ಗೆದ್ದಿದ್ದ, ಜಿಲ್ಲೆಯಲ್ಲಿ ಎರಡನೆಯವನಾಗಿದ್ದ. ನಮಗೆ ಹಿಡಿಸಲಾರದಷ್ಟು ಸಂತೋಷ. ನಮಗೆ ಗೊತ್ತಿದ್ದ ಸೂತ್ರ ಒಂದೇ: ಹೆಚ್ಚು ಓಡಿದವನು ಹೆಚ್ಚು ಗೆಲ್ಲುತ್ತಾನೆ. ದಿನವೂ 14-15 ಕಿಲೋಮೀಟರ್, ಅದೂ ಡಾಂಬರು ರಸ್ತೆಯ ಮೇಲೆ. ಸಾಲದೆಂಬಂತೆ ಊರೂರಿನ ಉರುಸು, ಜಾತ್ರೆಗಳಲ್ಲಿ ಬಹುಮಾನದ ಓಟಗಳಿಗೂ ಕಳುಹಿಸಿದೆವು. ಅವನು ತಂದ ಹಣ ಮನೆಗೆ ಬೇಕಾಗಿತ್ತು, ಅವನು ತಂದ ಹೆಸರು ನಮಗೆ ಬೇಕಾಗಿತ್ತು.

ಆರು ತಿಂಗಳಲ್ಲಿ ಕಣಕಾಲು ನೋಯತೊಡಗಿತು. ಅರಿಶಿನ ಕಟ್ಟಿಕೋ, ಸರಿಹೋಗುತ್ತದೆ ಎಂದೆವು. ಓಡು ಎಂದೆವು. ಅವನು ನಮ್ಮ ಮಾತು ಮೀರುವವನಾಗಿರಲಿಲ್ಲ, ಓಡಿದ. ಕೊನೆಗೆ ಕುಂಟುತ್ತಾ ಬಂದಾಗ ವೈದ್ಯರಲ್ಲಿಗೆ ಕರೆದೊಯ್ದೆವು. ಮೂಳೆಯಲ್ಲಿ ಸಣ್ಣ ಬಿರುಕು. ಆ ವರ್ಷ ಹೋಯಿತು. ಮರುವರ್ಷ ಕಾಲು ಮಾಗಿದರೂ ಹಳೆಯ ವೇಗ ಮರಳಲಿಲ್ಲ. ಕ್ಷಮೆ ಕೇಳಲು ಅವನ ಮನೆಗೆ ಹೋದೆವು. ತಂದೆ ಗದರಲಿಲ್ಲ. ಚಹಾ ಕೊಟ್ಟು ಹೇಳಿದರು: "ನಿಮಗ ಗೊತ್ತಿದ್ದಿಲ್ಲ, ಅವಂಗೂ ಗೊತ್ತಿದ್ದಿಲ್ಲ. ಗೊತ್ತಿದ್ದವ್ರು ಯಾರರೆ ಇಲ್ಲಿ ಅದಾರೇನ್ರಿ?"

ಆ ಮಾತು ನಮ್ಮನ್ನು ಬಹಳ ದಿನ ಕಾಡಿತು. ಹೆಚ್ಚು ಓಡಿಸುವುದು ತರಬೇತಿಯಲ್ಲ. ಯಾವ ವಯಸ್ಸಿಗೆ ಎಷ್ಟು ಓಡಿಸಬಾರದು ಎಂದು ತಿಳಿಯುವುದು ತರಬೇತಿ. ಭಾರತ ಅಥ್ಲೆಟಿಕ್ಸ್ ಫೆಡರೇಶನ್ 16 ವರ್ಷದೊಳಗಿನವರ ರಾಷ್ಟ್ರೀಯ ಗುಡ್ಡಗಾಡು ಓಟಕ್ಕೆ ಇಟ್ಟಿರುವ ದೂರ 2 ಕಿಲೋಮೀಟರ್. ಅಂತರ ಜಿಲ್ಲಾ ಕಿರಿಯರ ಕೂಟದಲ್ಲಿ 14 ವರ್ಷದೊಳಗಿನವರಿಗೆ ಓಟ, ಜಿಗಿತ, ಎಸೆತಗಳನ್ನು ಕೂಡಿಸಿದ ಸ್ಪರ್ಧೆಗಳಿವೆ. ಬೆಳೆಯುವ ಮೂಳೆಗೆ ವೈವಿಧ್ಯ ಬೇಕು, ಭಾರ ಬೇಡ ಎಂಬ ತಿಳಿವಳಿಕೆ ಅದರ ಹಿಂದಿದೆ. ನಾವಾದರೋ 15ರ ಹುಡುಗನಿಗೆ ದೊಡ್ಡವರ ಓಟ ಓಡಿಸಿದ್ದೆವು. ನಗರದಲ್ಲಿ ಈಗ ವೃಕ್ಷೋಥಾನ್‌ನಂತಹ ದೊಡ್ಡ ರಸ್ತೆ ಓಟಗಳು ನಡೆಯುತ್ತಿವೆ. ಆದಿಲ್‌ಶಾಹಿ ಸ್ಮಾರಕಗಳ ನಗರ ಡಿಸೆಂಬರಿನ ಚಳಿಯಲ್ಲಿ ಓಡುವುದನ್ನು ಕಂಡು ಸಂತೋಷಪಡುತ್ತೇವೆ. ಆದರೆ ಹೈಸ್ಕೂಲಿನ ಮಕ್ಕಳನ್ನು ಬಹುಮಾನದ ಆಸೆಗೆ 21 ಕಿಲೋಮೀಟರ್ ಓಡಿಸಲು ಹೊರಡುವ ತಂದೆಯಂದಿರಿಗೆ ಕೈಮುಗಿದು ಹೇಳುತ್ತೇವೆ: ಬೇಡಿ, 5 ಕಿಲೋಮೀಟರ್ ಸಾಕು.

ಹುಡುಗನ ಕತೆ ಅಲ್ಲಿಗೆ ಮುಗಿಯಲಿಲ್ಲ. ಓಡಲಾಗದ ದಿನಗಳಲ್ಲಿ ಅವನು ಸ್ಟಾಪ್‌ವಾಚ್ ಹಿಡಿದು ಮೈದಾನದ ಅಂಚಿನಲ್ಲಿ ನಿಲ್ಲತೊಡಗಿದ. ಪ್ರತಿ ಮಗುವಿನ ಪ್ರತಿ ಸುತ್ತಿನ ಸಮಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಯಾರ ಮೊಣಕಾಲು ಒಳಗೆ ಬಾಗುತ್ತದೆ, ಯಾರು ಮೂರನೆಯ ಸುತ್ತಿನಲ್ಲಿ ಭುಜ ಬಿಗಿ ಹಿಡಿಯುತ್ತಾರೆ, ಯಾರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದಾರೆ ಎಂಬುದು ನಮಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಪದವಿ ಮುಗಿಸಿದ, ದೈಹಿಕ ಶಿಕ್ಷಣದ ಬಿ.ಪಿ.ಎಡ್. ಮಾಡಿದ, ಆಮೇಲೆ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಆರು ವಾರಗಳ ಪ್ರಮಾಣಪತ್ರ ಶಿಕ್ಷಣಕ್ಕೂ ಹೋಗಿಬಂದ. ಬಂದವನೇ ನಮ್ಮ ಅಭ್ಯಾಸಕ್ರಮವನ್ನು ಅಡಿಮೇಲು ಮಾಡಿದ. ಕಿರಿಯರಿಗೆ ಆಟ, ಜಿಗಿತ, 600 ಮೀಟರ್ ಓಟ. ಡಾಂಬರು ರಸ್ತೆ ಬಿಟ್ಟು ಮಣ್ಣಿನ ನೆಲ. ವಾರಕ್ಕೊಂದು ದಿನ ಪೂರ್ಣ ವಿಶ್ರಾಂತಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಏಳು ಗಂಟೆಯೊಳಗೆ ಎಲ್ಲವೂ ಮುಗಿದಿರಬೇಕು. ಓಟದ ಬಳಿಕ ಬೇಯಿಸಿದ ಶೇಂಗಾ, ಬೆಲ್ಲ, ಸಾಧ್ಯವಾದರೆ ಒಂದು ಮೊಟ್ಟೆ. ದುಬಾರಿ ಡಬ್ಬಿಗಳ ಪುಡಿಯನ್ನು ಅವನು ಯಾರಿಗೂ ಹೇಳಿಲ್ಲ. ಒಂದು ಕಾಲದಲ್ಲಿ ನಾವು ಕಲಿಸಿದ ಹುಡುಗನಿಂದ ನಾವೇ ಕಲಿಯುವಂತಾದುದಕ್ಕೆ ನಮಗೆ ನಾಚಿಕೆಯಿಲ್ಲ.

ಹೊಟ್ಟೆ ತುಂಬುವ ಪ್ರಶ್ನೆಗೆ ಈಗ ಮರಳಬಹುದು. ಬಿ.ಪಿ.ಎಡ್. ಮಾಡಿದವರು ಶಾಲೆಗಳಲ್ಲಿ ದೈಹಿಕ ಶಿಕ್ಷಕರಾಗಬಹುದು. ತರಬೇತುದಾರನ ಕೆಲಸ ಅದಕ್ಕಿಂತ ಭಿನ್ನ, ಅದಕ್ಕೆ ಪಟಿಯಾಲದ ಡಿಪ್ಲೊಮಾದಂತಹ ವಿಶೇಷ ಶಿಕ್ಷಣ ಬೇಕು. ಕ್ರೀಡಾ ವಸತಿ ನಿಲಯಗಳು, ಸೇನೆ, ರೈಲ್ವೆ, ಖಾಸಗಿ ಶಾಲೆಗಳು, ಖೇಲೋ ಇಂಡಿಯಾ ಕೇಂದ್ರಗಳು ಅಂಥವರನ್ನು ಹುಡುಕುತ್ತವೆ. ಎಲ್ಲರಿಗೂ ನೌಕರಿ ಖಚಿತವೆಂದು ನಾವು ಹೇಳಲಾರೆವು. ಆದರೆ ತರಬೇತುದಾರನಿರುವ ಊರಿಗೆ ಸಿಗುವ ಲಾಭ ಅವನ ಸಂಬಳಕ್ಕಿಂತ ದೊಡ್ಡದು. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಯನ್ನೇ ನೋಡಿ. ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳಲ್ಲಿ ಓಡಬೇಕು. ಅಂದರೆ 400 ಮೀಟರಿನ ಪ್ರತಿ ಸುತ್ತಿಗೆ ಸುಮಾರು 97 ಸೆಕೆಂಡು. ಕಷ್ಟವೇನಲ್ಲ. ನಮ್ಮ ಹುಡುಗರು ಮೊದಲ ಸುತ್ತನ್ನು 75 ಸೆಕೆಂಡಿನಲ್ಲಿ ಮುಗಿಸಿ ಮೂರನೆಯದರಲ್ಲಿ ಕುಸಿಯುತ್ತಾರೆ. ಬರಹ ಪರೀಕ್ಷೆಗೆ ತಿಂಗಳುಗಟ್ಟಲೆ ಓದಿದವನು ಆರೂವರೆ ನಿಮಿಷದ ಲೆಕ್ಕ ಗೊತ್ತಿಲ್ಲದೆ ಮನೆಗೆ ಮರಳುತ್ತಾನೆ. ಬಳಿಕ ನಮಗೆ ನೌಕರಿ ಕೊಡುವುದಿಲ್ಲ ಎಂದು ದೂರುತ್ತೇವೆ. ತಾರತಮ್ಯವಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೆ ಸ್ಟಾಪ್‌ವಾಚಿಗೆ ಧರ್ಮ ಗೊತ್ತಿಲ್ಲ, ಅಲ್ಲಿ ಸೋತರೆ ಅದರ ಹೊಣೆಯನ್ನು ನಾವೇ ಹೊರಬೇಕು.

ಇನ್ನೊಂದು ಕಹಿ ಮಾತು. ಮಗನ ವಯಸ್ಸನ್ನು ಎರಡು ವರ್ಷ ಕಡಿಮೆ ತೋರಿಸಿ ಕಿರಿಯರ ವಿಭಾಗದಲ್ಲಿ ಓಡಿಸೋಣ, ದಾಖಲೆ ನಾನು ತರುತ್ತೇನೆ ಎಂದು ನಮ್ಮ ಬಳಿ ಬಂದವರಿದ್ದಾರೆ. ಎಲ್ಲ ಸಮುದಾಯದವರೂ ಬಂದಿದ್ದಾರೆ, ನಮ್ಮವರೂ ಬಂದಿದ್ದಾರೆ. ಐದು ಹೊತ್ತು ನಮಾಝ್ ತಪ್ಪಿಸದ ಸಜ್ಜನರೊಬ್ಬರು ಇದನ್ನು ಕೇಳಿದಾಗ ನಮಗೆ ಮಾತೇ ಹೊರಡಲಿಲ್ಲ. ಎಲುಬಿನ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಒಂದೆಡೆ ಇರಲಿ. ಆ ಪದಕ ನಿಜವಾಗಿ ಸೇರಬೇಕಾಗಿದ್ದ ಮಗು ಯಾವುದು? ಬಡವನ ಮಗುವಿನ ಹಕ್ಕನ್ನು ಕಸಿದು ನಮ್ಮ ಮನೆಯ ಗೋಡೆಗೆ ತೂಗುಹಾಕುವುದಕ್ಕೆ ಬೇರೆ ಹೆಸರಿದೆ. ನೇಮಕಾತಿ ಓಟಕ್ಕೆ ಮುನ್ನ ಚುಚ್ಚುಮದ್ದು ಹಾಕಿಸಿಕೊಳ್ಳುವವರಿಗೂ ಇದೇ ಮಾತು ಅನ್ವಯ.

ಈಗ ಇಲ್ಲಿ ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಾಯಂದಿರೊಡನೆ ಮಾತನಾಡುತ್ತೇವೆ. ನಮ್ಮಲ್ಲಿಗೆ ಬರುವ ಬಾಲಕಿಯರು ಏಳನೆಯ ತರಗತಿಯವರೆಗೆ ಬಾಲಕರನ್ನು ಹಿಂದಿಕ್ಕಿ ಓಡುತ್ತಾರೆ. ಎಂಟನೆಯ ತರಗತಿಯಲ್ಲಿ ಅರ್ಧ ಮಂದಿ ಕಾಣುವುದಿಲ್ಲ. ಹತ್ತನೆಯದಕ್ಕೆ ಒಬ್ಬರೋ ಇಬ್ಬರೋ. ಬಬಲೇಶ್ವರದ ಕಡೆಯ ಹುಡುಗಿಯೊಬ್ಬಳನ್ನು ಮನೆಯವರು ನಿಲ್ಲಿಸಿದಾಗ ಕಾರಣ ಕೇಳಲು ಹೋದೆವು. ಅಜ್ಜಿ ಉತ್ತರಿಸಿದರು: "ಕಲಸವ್ರು ಗಂಡಸ್ರು, ನೋಡವ್ರು ಗಂಡಸ್ರು. ಹೆಂಗ ಕಳಸೂದ್ರಿ?" ಧರ್ಮದ ಹೆಸರು ಅವರು ಎತ್ತಲಿಲ್ಲ, ಎತ್ತಲು ಆಧಾರವೂ ಇರಲಿಲ್ಲ. ಪ್ರವಾದಿ(ಸ)ಯವರು ತಮ್ಮ ಪತ್ನಿ ಆಯಿಶಾ(ರ)ರೊಂದಿಗೆ ಎರಡು ಸಲ ಓಟದ ಪಂದ್ಯವಾಡಿದ್ದು ಹದೀಸ್ ಗ್ರಂಥಗಳಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು. ಪ್ಯಾರಿಸ್‌ನಲ್ಲಿ 2024ರಲ್ಲಿ ಮಹಿಳೆಯರ ಮ್ಯಾರಥಾನ್ ಚಿನ್ನ ಗೆದ್ದ ಸಿಫಾನ್ ಹಸನ್, ಇಥಿಯೋಪಿಯಾದಿಂದ ನಿರಾಶ್ರಿತೆಯಾಗಿ ನೆದರ್ಲೆಂಡ್ಸ್ ಸೇರಿದವರು, ಹಿಜಾಬ್ ಧರಿಸಿಯೇ ಪದಕ ಸ್ವೀಕರಿಸಿದರು.

ಆ ಅಜ್ಜಿಯ ಆಕ್ಷೇಪ ನಮಗೆ ನ್ಯಾಯವೆನಿಸಿತು. ಅದಕ್ಕೆ ಉಪದೇಶ ಉತ್ತರವಲ್ಲ. ಮೈದಾನದಲ್ಲಿ ಸ್ಟಾಪ್‌ವಾಚ್ ಹಿಡಿದ ಮಹಿಳೆಯೊಬ್ಬರು ಇರಬೇಕು, ಅದೇ ಉತ್ತರ. ಬಾಲಕಿಯರ ದೇಹದ ಬದಲಾವಣೆ, ತಿಂಗಳ ದಿನಗಳು, ರಕ್ತಹೀನತೆ ಇವುಗಳ ಬಗ್ಗೆ ನಾವು ಗಂಡಸರು ಎಷ್ಟು ತಿಳಿದರೂ ಹುಡುಗಿ ನಮ್ಮೊಡನೆ ಬಾಯಿಬಿಡುವುದಿಲ್ಲ. ದಣಿವೆಂದು ಓಟ ಬಿಟ್ಟ ಎಷ್ಟೋ ಹುಡುಗಿಯರಿಗೆ ಕಬ್ಬಿಣಾಂಶದ ಕೊರತೆ ಇರುತ್ತದೆ, ಅದನ್ನು ಯಾರೂ ಪರೀಕ್ಷಿಸಿರುವುದಿಲ್ಲ. ತಿಕೋಟಾದಿಂದ ನಗರಕ್ಕೆ ಬರುವ ದಾರಿಯಲ್ಲೇ, ತೊರವಿಯಲ್ಲಿ, 2003ರಲ್ಲಿ ಆರಂಭವಾದ ಮಹಿಳಾ ವಿಶ್ವವಿದ್ಯಾನಿಲಯವಿದೆ. ಇಂದು ಅದಕ್ಕೆ ಅಕ್ಕಮಹಾದೇವಿಯವರ ಹೆಸರಿದೆ. ಅಲ್ಲಿ ದೈಹಿಕ ಶಿಕ್ಷಣ ವಿಭಾಗವೂ ಇದೆ. ಓಟ ಬಿಟ್ಟ ನಮ್ಮ ಹೆಣ್ಣುಮಕ್ಕಳನ್ನು ಆ ಬಾಗಿಲಿಗೆ ಕಳುಹಿಸಬಹುದೆಂಬ ಯೋಚನೆ ಎಷ್ಟು ಮನೆಗಳಲ್ಲಿ ಬಂದಿದೆ? ಬಬಲೇಶ್ವರದ ಆ ಹುಡುಗಿ ಈಗ ಪಿಯುಸಿಯಲ್ಲಿದ್ದಾಳೆ. ಓಡುವುದಿಲ್ಲ. ಪುಟ್ಟ ಹುಡುಗಿಯರ ಅಭ್ಯಾಸಕ್ಕೆ ಜೊತೆ ನಿಲ್ಲುತ್ತೀಯಾ ಎಂದು ಕೇಳಿದ್ದೇವೆ. ಅಜ್ಜಿ ಜೊತೆಗೆ ಬರುವುದಾದರೆ ಬರುತ್ತೇನೆ ಎಂದಿದ್ದಾಳೆ. ಅಜ್ಜಿ ಇನ್ನೂ ಒಪ್ಪಿಲ್ಲ.

ರಮಝಾನಿನಲ್ಲಿ ಅಭ್ಯಾಸ ಹೇಗೆ ಎಂದು ಹಲವರು ಕೇಳುತ್ತಾರೆ. ನಮ್ಮ ಕ್ರಮ ಸರಳ. ಉಪವಾಸ ಹಿಡಿದ ಮಕ್ಕಳಿಗೆ ಇಫ್ತಾರಿಗೆ ತುಸು ಮೊದಲು ಹಗುರ ನಡಿಗೆ, ಮೈಬಾಗಿಸುವ ವ್ಯಾಯಾಮ ಅಷ್ಟೇ. ವೇಗದ ಓಟಗಳೆಲ್ಲ ಹಬ್ಬದ ನಂತರ. ಒಂದು ತಿಂಗಳು ಕಡಿಮೆ ಓಡಿದರೆ ಯಾವ ಓಟಗಾರನೂ ಹಾಳಾಗುವುದಿಲ್ಲ.

ಕೊನೆಯದಾಗಿ ನಮ್ಮ ಬೇಡಿಕೆ. ಮೊಹಲ್ಲಾಗಳಲ್ಲಿ ಕ್ರಿಕೆಟ್ ಪಂದ್ಯಾವಳಿಗೆ ಟ್ರೋಫಿ, ಶಾಮಿಯಾನ, ಧ್ವನಿವರ್ಧಕಗಳಿಗೆ ಸಂಗ್ರಹವಾಗುವ ಹಣವನ್ನು ನಾವು ಕಂಡಿದ್ದೇವೆ. ಅದರ ಒಂದು ಪಾಲನ್ನು ವರ್ಷಕ್ಕೆ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯ ತರಬೇತಿ ಶಿಕ್ಷಣಕ್ಕೆ ಮೀಸಲಿಡಿ. ವಿದ್ಯಾರ್ಥಿವೇತನವೆಂದರೆ ವೈದ್ಯಕೀಯ, ಇಂಜಿನಿಯರಿಂಗ್ ಮಾತ್ರ ಎಂದುಕೊಂಡಿರುವ ನಮ್ಮ ಸಂಘಸಂಸ್ಥೆಗಳು ಅರ್ಜಿ ನಮೂನೆಯಲ್ಲಿ ಬಿ.ಪಿ.ಎಡ್. ಎಂಬ ಒಂದು ಸಾಲನ್ನು ಸೇರಿಸಲಿ.

ಮುಂದಿನ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅಭ್ಯಾಸವಿದೆ. ಮಕ್ಕಳನ್ನು ಕಳುಹಿಸಿ ಎಂದು ಹೇಳುವುದಿಲ್ಲ, ಕರೆದುಕೊಂಡು ಬನ್ನಿ. ತಾಯಂದಿರು ಕುಳಿತುಕೊಳ್ಳಲು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿದ್ದೇವೆ. ತಿಕೋಟಾ ಕಡೆಯಿಂದ ಬರುವವರು ಮೊದಲ ಬಸ್ಸಿಗೆ ಹತ್ತಬೇಕು. ಸ್ವಲ್ಪ ತಡವಾದರೂ ಚಿಂತೆಯಿಲ್ಲ, ಆ ನೋಟ್‌ಬುಕ್ಕಿನ ಹುಡುಗ ನಿಮ್ಮ ಮಕ್ಕಳ ಹೆಸರು ಬರೆದುಕೊಳ್ಳಲು ಗೇಟಿನ ಬಳಿ ನಿಂತಿರುತ್ತಾನೆ.